ಮನೆ ಸರ್ವರ್: ರಾತ್ರಿ ತ್ರೀ ಫೇಸ್ ಬಂದಾಗಲೆಲ್ಲ ಎರಡು ಹಾರ್ಡ್ ಡಿಸ್ಕ್ ಒಟ್ಟಿಗೆ ಮಾಯ. ಕರೆಂಟಾ, ಕೇಬಲ್ಲಾ, ಡಿಸ್ಕೇ ಹೋಯ್ತಾ?

ತೋಟದಮನೆ · ತಿಪಟೂರು

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ರ ತೋಟದಲ್ಲೇ ಮನೆ ನಮ್ಮದು. ಯಾವುದೋ ಆಫೀಸಲ್ಲಿ ಬಳಸಿದ್ದ ಸೆಕೆಂಡ್ ಹ್ಯಾಂಡ್ ಟವರ್ ಪಿಸಿ ತಗೊಂಡು, ಲಿನಕ್ಸ್ ಹಾಕಿ ಮನೆಗೆ ಸರ್ವರ್ ಮಾಡ್ಕೊಂಡಿದೀನಿ. ಓಎಸ್ ಒಂದು ಎಸ್‌ಎಸ್‌ಡಿ ಮೇಲಿದೆ. ಜೊತೆಗೆ 4 ಟಿಬಿಯ 3.5 ಇಂಚಿನ ಡಿಸ್ಕ್ ಮೂರು. ಎರಡು ಮಿರರ್ (ಒಂದರಲ್ಲಿ ಬರೆದಿದ್ದೇ ಇನ್ನೊಂದರಲ್ಲೂ ಇರುತ್ತೆ), ಮೂರನೇದು ಬ್ಯಾಕಪ್‌ಗೆ.

ಒಳಗಿರೋದು ಮನೆ ಫೋಟೋ, ಜಮೀನಿನ ಕಾಗದದ ಸ್ಕ್ಯಾನ್, ಎಲ್ಲಕ್ಕಿಂತ ಮುಖ್ಯ ನಮ್ಮ ತಾತನ ಮೂಡಲಪಾಯ ಯಕ್ಷಗಾನದ ರೆಕಾರ್ಡಿಂಗ್. ಅವರು ಭಾಗವತರು. ಹಳೇ ಕ್ಯಾಸೆಟ್‌ಗಳನ್ನ ಕೂತು ಕೂತು ಕಂಪ್ಯೂಟರ್‌ಗೆ ಇಳಿಸಿದ್ದು. ಕ್ಯಾಸೆಟ್ ಟೇಪ್‌ಗೆ ಈಗ ಬೂಷ್ಟು ಹಿಡಿದಿದೆ, ಮತ್ತೆ ಇಳಿಸೋಕೆ ಆಗಲ್ಲ.

ತೊಂದರೆ ಏನಂದ್ರೆ, ರಾತ್ರಿ 10 ಗಂಟೆಗೆ ತ್ರೀ ಫೇಸ್ ಬರುತ್ತೆ. ಸುತ್ತಮುತ್ತ ತೋಟದ ಬೋರ್‌ವೆಲ್ ಮೋಟರ್‌ಗಳೆಲ್ಲ ಆಟೋ ಸ್ಟಾರ್ಟರ್‌ನಲ್ಲಿ ಒಂದೇ ಸಲ ಎದ್ದೇಳ್ತವೆ. ಬಲ್ಬು ಮಂಕಾಗುತ್ತೆ. ಆಮೇಲೆ ಸ್ವಲ್ಪ ಹೊತ್ತಿಗೆ ಮಿರರ್‌ನ ಎರಡೂ ಡಿಸ್ಕ್ ಕಾಣೆ! ಪಿಸಿ ಮಾತ್ರ ಆನ್ ಆಗೇ ಇರುತ್ತೆ. ರೀಸ್ಟಾರ್ಟ್ ಮಾಡಿದ್ರೆ ಎರಡೂ ವಾಪಸ್ ಬರ್ತವೆ. ದಿನಾ ಆಗಲ್ಲ, ಆದ್ರೆ ಆದಾಗೆಲ್ಲ ಇದೇ ಹೊತ್ತಿಗೆ. ಕರ್ನಲ್ ಲಾಗ್‌ನಲ್ಲಿ "ಹಾರ್ಡ್ ರೀಸೆಟಿಂಗ್ ಲಿಂಕ್", "ಸಾಟಾ ಲಿಂಕ್ ಡೌನ್" (ಸಾಟಾ ಅಂದ್ರೆ ಡಿಸ್ಕ್‌ನ ಪಿಸಿಗೆ ಸೇರಿಸೋ ಕನೆಕ್ಷನ್) ಅಂತ ಸಾಲುಸಾಲು ಬಿದ್ದಿದೆ. ಪಿಸಿ ಮನೆ ಇನ್‌ವರ್ಟರ್ ಮೇಲೇ ಇದೆ.

ಡಿಸ್ಕ್ ಹೋಗಿದ್ಯಾ, ಕರೆಂಟ್ ತೊಂದರೇನಾ? ಎಲ್ಲಿಂದ ಶುರು ಮಾಡ್ಲಿ?

ಏಕಶಿಲೆ · ಮಧುಗಿರಿ

ಎರಡೂ ಡಿಸ್ಕ್ ಹೋಗಿದೆ ಗುರು. ಒಂದೇ ಬ್ಯಾಚ್ ತಗೊಂಡ್ರೆ ಒಟ್ಟಿಗೇ ಹೋಗ್ತವೆ. ವಾರಂಟಿ ಇದ್ರೆ ಕೊಟ್ಬಿಡಿ. ಅದಕ್ಕೂ ಮುಂಚೆ ಫೈಲ್ ಸಿಸ್ಟಮ್ ರಿಪೇರಿ ಒಂದು ಸಲ ಓಡಿಸಿ ನೋಡಿ.

ಅಂತರಗಂಗೆ · ಕೋಲಾರ

ದಯವಿಟ್ಟು ರಿಪೇರಿ ಓಡಿಸಬೇಡಿ! ಕರೆಂಟೋ ಕೇಬಲ್ಲೋ ಕೈಕೊಡ್ತಿರೋ ಡಿಸ್ಕ್ ಮೇಲೆ ರಿಪೇರಿ ಓಡಿಸಿದ್ರೆ, ಅದು ಅರ್ಧ ಬರೆದು ಅರ್ಧ ಬಿಟ್ಟು ಚೆನ್ನಾಗಿದ್ದ ಡೇಟಾನೂ ಕೆಡಿಸುತ್ತೆ. ಮೊದಲು ತಾತನ ರೆಕಾರ್ಡಿಂಗ್ ಬೇರೆ ಕಡೆ ಕಾಪಿ ಮಾಡ್ಕೊಳ್ಳಿ. ಒಂದು ಪೋರ್ಟಬಲ್ ಡಿಸ್ಕ್ ಲ್ಯಾಪ್‌ಟಾಪ್‌ಗೆ ಹಾಕಿ, ಹಗಲು ಹೊತ್ತಲ್ಲಿ, ನೆಟ್‌ವರ್ಕ್ ಮೇಲೆ ಎಳ್ಕೊಳ್ಳಿ. ಮಿರರ್ ಇದೆ ಅಂತ ಧೈರ್ಯ ಬೇಡ. ಮಿರರ್ ಬ್ಯಾಕಪ್ ಅಲ್ಲ, ಒಂದೇ ಡಬ್ಬದಲ್ಲಿರೋ ಮೂರನೇ ಡಿಸ್ಕೂ ಪೂರ್ತಿ ಬ್ಯಾಕಪ್ ಅಲ್ಲ.

ಅದು ಮುಗಿದ ಮೇಲೆ ನಾಲ್ಕೂ ಡಿಸ್ಕಿನ ಸ್ಮಾರ್ಟ್ ರಿಪೋರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಕೊಳ್ಳೋ ಲೆಕ್ಕ) ಹಾಕಿ. ಬೇಕಾಗಿರೋ ನಂಬರ್: 5, 12, 192, 197, 198, 199.

ಊರಿಗಾಂ · ಕೆಜಿಎಫ್

ನಾನು ಎಲೆಕ್ಟ್ರಿಕಲ್ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡವನು. ನಮ್ಮ ಕಡೆ, ನಿಮ್ಮ ಕಡೆ ಎಲ್ಲಾ ಒಣ ನೆಲ, ಬಂಡೆ. ಅರ್ತಿಂಗ್ ಕೂರೋದೇ ಕಷ್ಟ. ಬೇಸಿಗೇಲಿ ಗುಂಡಿ ಒಣಗಿದ್ರೆ ಅರ್ತ್ ಇದ್ದೂ ಇಲ್ಲದ ಹಾಗೆ. ಪಿಸಿ ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನುತ್ತಾ? ಅನ್ನೋದಾದ್ರೆ ಅರ್ತ್ ಸೇರಿಲ್ಲ ಅಂತಾನೇ ಅರ್ಥ. ಎಸ್‌ಎಂಪಿಎಸ್ (ಪಿಸಿ ಒಳಗಿನ ಪವರ್ ಸಪ್ಲೈ ಡಬ್ಬ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಲೈನು, ನ್ಯೂಟ್ರಲ್ಲು ಎರಡರಿಂದಲೂ ಬಾಡಿಗೆ ಸೇರಿರ್ತವೆ. ಅರ್ತ್ ಇಲ್ಲದಿದ್ರೆ ಬಾಡಿ ಮೇಲೆ ಸುಮಾರು 115 ವೋಲ್ಟ್ ಕೂತಿರುತ್ತೆ. ಕರೆಂಟ್ ಬಹಳ ಕಮ್ಮಿ, ಆದ್ರೂ ಜುಮ್ ಅನ್ನುತ್ತೆ.

ಮಲ್ಟಿಮೀಟರ್‌ನಲ್ಲಿ ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ ಅಳೀರಿ. ಎರಡು ಮೂರು ವೋಲ್ಟ್ ಒಳಗಿರಬೇಕು. ಗುಂಡಿಗೆ ಎರಡು ಕೊಡ ನೀರು ಹಾಕಿ ಮತ್ತೆ ಅಳೀರಿ. ಒಂದು ಮಾತು ಎಲ್ರಿಗೂ: ಅರ್ತ್ ಇಲ್ಲ ಅಂತ ಸಾಕೆಟ್ ಒಳಗೆ ನ್ಯೂಟ್ರಲ್‌ನೇ ಅರ್ತ್ ಪಿನ್ನಿಗೆ ಸೇರಿಸಬೇಡಿ. ನ್ಯೂಟ್ರಲ್ ಎಲ್ಲಾದ್ರೂ ಕಟ್ ಆದ್ರೆ ಕ್ಯಾಬಿನೆಟ್ ಪೂರಾ 230 ವೋಲ್ಟ್ ಆಗುತ್ತೆ. ಮನೇಲಿ ಮಕ್ಕಳಿರ್ತಾರೆ.

ಸಿರಾಗೇಟ್ · ತುಮಕೂರು

ಅರ್ತ್ ಮುಖ್ಯ ನಿಜ ಸರ್, ಆದ್ರೆ ಅರ್ತ್ ಸರಿ ಇಲ್ಲದೆ ಎರಡು ಡಿಸ್ಕ್ ಮಾತ್ರ ಬಿದ್ದು ಎಸ್‌ಎಸ್‌ಡಿ, ಮದರ್‌ಬೋರ್ಡ್ ಓಡ್ತಾ ಇರೋದು ಕಷ್ಟ. ನಂಗೆ ಎಸ್‌ಎಂಪಿಎಸ್ ಮೇಲೆ ಅನುಮಾನ. ಆಫೀಸ್ ಟವರ್‌ನಲ್ಲಿ 240 ವ್ಯಾಟಿನ ಸಣ್ಣ ಸಪ್ಲೈ ಇರುತ್ತೆ. ತಯಾರಾಗಿದ್ದೇ ಒಂದು ಹಾರ್ಡ್ ಡಿಸ್ಕ್, ಒಂದು ಡಿವಿಡಿ ಡ್ರೈವ್‌ಗೆ. ಮೂರು ಡಿಸ್ಕ್ ನೇತು ಹಾಕಿದ್ರೆ? ಬದಲಾಯಿಸಿಬಿಡಿ.

ಗೂಡುಮಾರ್ಕೆಟ್ · ಶಿಡ್ಲಘಟ್ಟ

ಇನ್‌ವರ್ಟರ್ ಯಾವ ಮೋಡ್‌ನಲ್ಲಿದೆ ನೋಡಿದ್ರಾ ಅಣ್ಣಾ? ಹಿಂದುಗಡೆ ಸಣ್ಣ ಸ್ವಿಚ್ ಇರುತ್ತೆ, "ಯುಪಿಎಸ್" ಮತ್ತೆ "ನಾರ್ಮಲ್" ಅಂತ. ನಾರ್ಮಲ್‌ನಲ್ಲಿದ್ರೆ ವೋಲ್ಟೇಜ್ ನೂರಿಪ್ಪತ್ತಕ್ಕೆ ಇಳಿದ್ರೂ ಹಾಗೇ ಒಳಗೆ ಬಿಡುತ್ತೆ, ಬ್ಯಾಟರಿಗೆ ತಿರುಗೋದೂ ನಿಧಾನ. ಯುಪಿಎಸ್ ಮೋಡ್‌ನಲ್ಲಿ 180ರ ಸುಮಾರಿಗೆ ಇಳಿದ ಕೂಡಲೇ ಬ್ಯಾಟರಿಗೆ ತಿರುಗುತ್ತೆ, ಬೇಗಾನೂ ತಿರುಗುತ್ತೆ. ಪಿಸಿ ಎಸ್‌ಎಂಪಿಎಸ್ ಫುಲ್ ಲೋಡ್‌ನಲ್ಲಿ ಕರೆಂಟ್ ಇಲ್ಲದೆ ತಡ್ಕೊಳ್ಳೋದು ಸುಮಾರು 16-17 ಮಿಲಿಸೆಕೆಂಡ್ ಅಷ್ಟೇ.

ನಮ್ಮ ಬೀದೀಲಿ ರೇಷ್ಮೆ ಬಿಚ್ಚಣಿಕೆ ಮೋಟರ್‌ಗಳು ಬೆಳಗ್ಗೆ ಶುರುವಾದಾಗ ನಮ್ಮನೇಲೂ ಲೈಟ್ ಕುಣಿಯುತ್ತೆ. ಯುಪಿಎಸ್ ಮೋಡ್‌ಗೆ ಹಾಕಿದ ಮೇಲೆ ಪಿಸಿ ರೀಸ್ಟಾರ್ಟ್ ಆಗೋದು ನಿಂತಿತು.

ಅಂತರಗಂಗೆ · ಕೋಲಾರ

ನಿಮ್ಮದು ಪಿಸಿನೇ ರೀಸ್ಟಾರ್ಟ್ ಆಗ್ತಿತ್ತು. ಇವರದ್ದು ಪಿಸಿ ಆನ್ ಇದ್ದು ಡಿಸ್ಕ್ ಮಾತ್ರ ಹೋಗ್ತಿದೆ. ಎರಡೂ ಬೇರೆ ರೋಗ.

ಮಾವಿನತೋಪು · ಶ್ರೀನಿವಾಸಪುರ

ಡೆಸ್ಕ್‌ಟಾಪ್ ಡಿಸ್ಕ್ ರೇಡ್‌ನಲ್ಲಿ (ಮಿರರ್ ತರಹ ಡಿಸ್ಕ್‌ಗಳನ್ನ ಜೋಡಿಸೋದು) ಹಾಕಿದ್ರೆ ಇನ್ನೊಂದು ಕಾರಣಾನೂ ಇರುತ್ತೆ. ಕೆಟ್ಟ ಸೆಕ್ಟರ್ ಸಿಕ್ಕಾಗ ಡೆಸ್ಕ್‌ಟಾಪ್ ಡಿಸ್ಕ್ ತನ್ನ ಪಾಡಿಗೆ ಓದೋಕೆ ನಿಮಿಷಗಟ್ಟಲೆ ಒದ್ದಾಡುತ್ತೆ. ಲಿನಕ್ಸ್ ಕಾಯೋದು 30 ಸೆಕೆಂಡ್. ಆಮೇಲೆ ಲಿಂಕ್ ರೀಸೆಟ್ ಮಾಡಿ ಡಿಸ್ಕ್ ಹೊರಗೆ ಹಾಕುತ್ತೆ. ನಾಸ್ ಡಿಸ್ಕ್‌ಗಳಲ್ಲಿ (ಸ್ಟೋರೇಜ್ ಸರ್ವರ್‌ಗೆ ಅಂತಲೇ ಮಾಡಿದ್ದು) ಇದನ್ನ 7 ಸೆಕೆಂಡ್‌ಗೆ ಕಟ್ಟಿಹಾಕಿರ್ತಾರೆ. ಇನ್ನು ಡಿಸ್ಕ್ ಎಸ್‌ಎಂಆರ್ (ಟ್ರ್ಯಾಕ್ ಮೇಲೆ ಟ್ರ್ಯಾಕ್ ಸ್ವಲ್ಪ ಹೊದಿಸಿ ಬರೆಯೋ ತರಹದ್ದು) ಆಗಿದ್ರೆ ಮಿರರ್ ಮತ್ತೆ ಕಟ್ಟೋವಾಗ ಬರೆಯೋಕೆ ಬಹಳ ತಡ ಮಾಡಿ, ಅದರಿಂದಲೂ ಹೊರಗೆ ಬೀಳಬಹುದು.

ಅಂತರಗಂಗೆ · ಕೋಲಾರ

ವಿಷಯ ಸರಿ ಅಣ್ಣ, ಆದ್ರೆ ಎರಡು ಡಿಸ್ಕ್ ಒಂದೇ ಕ್ಷಣ ಬೀಳೋದಕ್ಕೆ ಅದು ಹೊಂದಲ್ಲ. ಒಟ್ಟಿಗೆ ಬಿದ್ರೆ, ಆ ಎರಡಕ್ಕೂ ಏನು ಒಂದೇ ಇದೆ ಅಂತ ಹುಡುಕಬೇಕು. ಒಂದೇ ಪವರ್ ವೈರಾ? ಒಂದೇ ಕಂಟ್ರೋಲರ್ ಕಾರ್ಡಾ? ತೋಟದಮನೆಯವರೇ, ಮುಚ್ಚಳ ತೆಗೆದು ಪವರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಹೇಳ್ತೀರಾ?

ಪೈಪ್ರಿಯ · ಗೌರಿಬಿದನೂರು

ಇಷ್ಟೆಲ್ಲ ತಾಪತ್ರಯ ಯಾಕೆ, ರಾಸ್ಪ್‌ಬೆರಿ ಪೈ ಅನ್ನೋ ಪುಟಾಣಿ ಕಂಪ್ಯೂಟರ್‌ಗೆ ಎರಡು ಯುಎಸ್‌ಬಿ ಡಿಸ್ಕ್ ಹಾಕಿ. ಕರೆಂಟ್ ಬಿಲ್ಲೂ ಉಳಿಯುತ್ತೆ.

ಸಿರಾಗೇಟ್ · ತುಮಕೂರು

ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಸೇರಿ ಕೊಡೋದು 1.2 ಆಂಪ್. ಪೋರ್ಟಬಲ್ ಡಿಸ್ಕ್ ತಿರುಗೋಕೆ ಶುರು ಮಾಡುವಾಗ ಒಂದೊಂದೇ ಹತ್ರ ಹತ್ರ ಅಷ್ಟು ಕೇಳುತ್ತೆ. ಎರಡು ಹಾಕಿದ್ರೆ ಇದೇ ಕಥೆ ಅಲ್ಲೂ ಶುರು. ಸ್ವಂತ ಅಡಾಪ್ಟರ್ ಇರೋ ಯುಎಸ್‌ಬಿ ಹಬ್ ಬೇಕೇ ಬೇಕು.

ಪೈಪ್ರಿಯ · ಗೌರಿಬಿದನೂರು

ಹಬ್ ಬೇಕು ಅನ್ನೋದು ಒಪ್ತೀನಿ. ನಂದು ಹಬ್ ಮೇಲೇ ಇರೋದು. ಕೆಲವು ಯುಎಸ್‌ಬಿ ಕೇಸ್‌ಗಳ ಚಿಪ್‌ಗೆ ಯುಎಎಸ್ ಅನ್ನೋ ಪ್ರೋಟೋಕಾಲ್ ಸರಿ ಹೊಂದಲ್ಲ, ಲೋಡ್ ಬಿದ್ದಾಗ ಡಿಸ್ಕ್ ಕಳಚಿಕೊಳ್ಳುತ್ತೆ. ಕರ್ನಲ್ ಬೂಟ್ ಸಾಲಿನಲ್ಲಿ ಯುಎಸ್‌ಬಿ ಸ್ಟೋರೇಜ್ ಕ್ವಿರ್ಕ್ಸ್ ಹಾಕಿ ಆ ಚಿಪ್‌ಗೆ ಮಾತ್ರ ಯುಎಎಸ್ ಬಂದ್ ಮಾಡಿದ್ರೆ ಸ್ಪೀಡ್ ಸ್ವಲ್ಪ ಕಮ್ಮಿಯಾಗುತ್ತೆ, ಬೀಳೋದು ನಿಲ್ಲುತ್ತೆ.

ತೋಟದಮನೆ · ತಿಪಟೂರು

ಎಲ್ರಿಗೂ ಥ್ಯಾಂಕ್ಸ್. ರೆಕಾರ್ಡಿಂಗ್ ಎಲ್ಲಾ ಪೋರ್ಟಬಲ್ ಡಿಸ್ಕ್‌ಗೆ ಕಾಪಿ ಆಯ್ತು, ಕೆಲವು ಫೈಲ್ ಹಾಕಿ ಕೇಳಿಯೂ ನೋಡಿದೆ. ಈಗ ಉಸಿರು ಬಂತು.

ಅರ್ತ್: ನ್ಯೂಟ್ರಲ್‌ಗೂ ಅರ್ತ್‌ಗೂ ನಡುವೆ 9 ವೋಲ್ಟ್ ಇತ್ತು, ನೀರು ಹಾಕಿದ ಮೇಲೆ 3ಕ್ಕೆ ಇಳೀತು. ಇನ್‌ವರ್ಟರ್ ನಾರ್ಮಲ್ ಮೋಡ್‌ನಲ್ಲಿತ್ತು, ಯುಪಿಎಸ್‌ಗೆ ತಿರುಗಿಸಿದೆ. ಎರಡೂ ಆದ ಮೇಲೂ ನಿನ್ನೆ ರಾತ್ರಿ ಮತ್ತೆ ಬಿದ್ದಿದೆ.

ಒಳಗಡೆ ವೈರಿಂಗ್: ಎಸ್‌ಎಂಪಿಎಸ್‌ನಿಂದ ಬರೋದು ಎರಡೇ ಸಾಟಾ ಪವರ್ ಪ್ಲಗ್. ಒಂದು ಎಸ್‌ಎಸ್‌ಡಿಗೆ. ಇನ್ನೊಂದಕ್ಕೆ ಒಂದರಿಂದ ಮೂರಾಗೋ ಸ್ಪ್ಲಿಟರ್, ಪಿಸಿ ಮಾರಿದವರೇ ಹಾಕಿಕೊಟ್ಟಿದ್ದು. ಮೂರೂ ಹಾರ್ಡ್ ಡಿಸ್ಕ್ ಅದರಲ್ಲೇ.

ಸ್ಮಾರ್ಟ್: 5, 197, 198 ಮೂರೂ ಡಿಸ್ಕ್‌ನಲ್ಲಿ ಸೊನ್ನೆ. 199 ಅನ್ನೋದು ಒಂದನೇದರಲ್ಲಿ 0, ಎರಡನೇದರಲ್ಲಿ 57, ಮೂರನೇದರಲ್ಲಿ 0. 12 ಅನ್ನೋದು ಎಸ್‌ಎಸ್‌ಡಿಗೆ 38, ಹಾರ್ಡ್ ಡಿಸ್ಕ್‌ಗಳಿಗೆ 212, 209, 214. ನಾಲ್ಕೂ ಒಂದೇ ದಿನ ಹೊಸದಾಗಿ ಹಾಕಿದ್ದು.

ಅಂತರಗಂಗೆ · ಕೋಲಾರ

ಸಿಕ್ತು! 12 ಅಂದ್ರೆ ಪವರ್ ಸೈಕಲ್ ಕೌಂಟ್. ಡಿಸ್ಕ್‌ಗೆ ಕರೆಂಟ್ ಹೋಗಿ ಬಂದಾಗೆಲ್ಲ ಒಂದು ಏರುತ್ತೆ. ನಾಲ್ಕೂ ಒಂದೇ ಪಿಸಿಯಲ್ಲಿ, ಒಂದೇ ದಿನದಿಂದ ಇದ್ರೆ ನಾಲ್ಕಕ್ಕೂ ಹೆಚ್ಚುಕಮ್ಮಿ 38 ಇರಬೇಕಿತ್ತು. ಎಸ್‌ಎಸ್‌ಡಿ 38ರಲ್ಲಿದೆ, ಅಂದ್ರೆ ಪಿಸಿ ಆನ್-ಆಫ್ ಆಗಿರೋದೇ ಅಷ್ಟು. ಮೂರು ಹಾರ್ಡ್ ಡಿಸ್ಕ್‌ಗೆ ಮಾತ್ರ, ಪಿಸಿ ಓಡ್ತಿರುವಾಗಲೇ, ನೂರೆಪ್ಪತ್ತಕ್ಕೂ ಹೆಚ್ಚು ಸಲ ಕರೆಂಟ್ ಕಟ್ ಆಗಿ ವಾಪಸ್ ಬಂದಿದೆ. ಬೀಳ್ತಿರೋದು ಎರಡಲ್ಲ, ಮೂರೂ. ಮೂರನೇದು ಬ್ಯಾಕಪ್ ಹೊತ್ತಲ್ಲಿ ಮಾತ್ರ ಮೌಂಟ್ ಆಗೋದಲ್ವಾ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ.

ಡಿಸ್ಕ್‌ಗಳು ಚೆನ್ನಾಗಿವೆ. 5, 197, 198 ಕೆಟ್ಟ ಸೆಕ್ಟರ್‌ಗಳ ಲೆಕ್ಕ, ಸೊನ್ನೆ ಅಂದ್ರೆ ಪ್ಲ್ಯಾಟರ್ (ಡೇಟಾ ಇರೋ ತಟ್ಟೆ) ಮೇಲೆ ಗಾಯ ಇಲ್ಲ. ವಾರಂಟಿಗೆ ಕೊಟ್ಟಿದ್ರೆ ಚೆನ್ನಾಗಿರೋ ಡಿಸ್ಕ್ ಕಳಿಸಿ, ಬೇರೆ ಯಾರದ್ದೋ ರಿಪೇರಿ ಮಾಡಿದ ಡಿಸ್ಕ್ ತಂದು ಅದೇ ವೈರಿಗೆ ಹಾಕಬೇಕಾಗ್ತಿತ್ತು.

ಲೆಕ್ಕ ಹೀಗಿದೆ. ಸಾಟಾ ಪವರ್ ಪ್ಲಗ್‌ನಲ್ಲಿ 12 ವೋಲ್ಟ್‌ಗೆ ಮೂರು ಪಿನ್, ಪಿನ್ನಿಗೆ 1.5 ಆಂಪ್. ಒಟ್ಟು 4.5 ಆಂಪ್. 3.5 ಇಂಚಿನ ಡಿಸ್ಕ್ ನಿಂತಿದ್ದು ಎದ್ದು ತಿರುಗೋಕೆ ಶುರು ಮಾಡೋ ಕೆಲವು ಸೆಕೆಂಡ್ 12 ವೋಲ್ಟ್‌ನಲ್ಲಿ ಸುಮಾರು 2 ಆಂಪ್ ಎಳೆಯುತ್ತೆ. ತಿರುಗ್ತಾ ಇದ್ದಾಗ ಅರ್ಧ ಆಂಪೂ ಬೇಡ. ಮೂರೂ ಒಟ್ಟಿಗೆ ಎದ್ರೆ 6 ಆಂಪ್, ಒಂದೇ ಪ್ಲಗ್ ಮೂಲಕ. ಎಸ್‌ಎಂಪಿಎಸ್ ಕೊಟ್ರೂ ಆ ಪ್ಲಗ್ ತಡ್ಕೊಳ್ಳಲ್ಲ.

ಈಗ ಒಂದೇ ಪ್ರಶ್ನೆ. ಡಿಸ್ಕ್‌ಗಳು ನಿದ್ದೆ ಹೋಗೋ ಹಾಗೆ ಸೆಟ್ ಮಾಡಿದೀರಾ? ಬ್ಯಾಕಪ್ ಎಷ್ಟು ಗಂಟೆಗೆ?

ತೋಟದಮನೆ · ತಿಪಟೂರು

ಹೂಂ ಅಕ್ಕ, 20 ನಿಮಿಷ ಕೆಲಸ ಇಲ್ಲದಿದ್ರೆ ನಿಲ್ಲೋ ಹಾಗಿದೆ. ಬ್ಯಾಕಪ್ ರಾತ್ರಿ 10:05ಕ್ಕೆ.

ಏಕಶಿಲೆ · ಮಧುಗಿರಿ

ಅಂದ್ರೆ 10:05ಕ್ಕೆ ಬ್ಯಾಕಪ್‌ಗೆ ಅಂತ ಮಲಗಿದ್ದ ಡಿಸ್ಕ್ ಮೂರೂ ಒಟ್ಟಿಗೆ ಏಳ್ತವೆ. ಅಲ್ಲಿಗೆ ತ್ರೀ ಫೇಸ್‌ಗೂ ಇದಕ್ಕೂ ಸಂಬಂಧವೇ ಇಲ್ಲ!

ಊರಿಗಾಂ · ಕೆಜಿಎಫ್

ಇಲ್ಲ ಅಂತ ಈಗಲೇ ಹೇಳಬೇಡಿ. ವೋಲ್ಟೇಜ್ ಇಳಿದಿದ್ದೂ ನಿಜ, ಅರ್ತ್ 9 ವೋಲ್ಟ್ ಇದ್ದಿದ್ದೂ ನಿಜ. ಎರಡೂ ಒಂದೇ ಹೊತ್ತಿಗೆ ಬಂದ್ರೆ ಯಾವುದು ಕಾರಣ ಅಂತ ಬೇರೆ ಬೇರೆ ಮಾಡಿ ನೋಡಬೇಕು.

ಅಂತರಗಂಗೆ · ಕೋಲಾರ

ಸರ್ ಹೇಳಿದ್ದು ನ್ಯಾಯ. ಬೇರ್ಪಡಿಸೋದು ಸುಲಭ: ಬ್ಯಾಕಪ್ ಹೊತ್ತನ್ನ ಸಂಜೆ 5 ಗಂಟೆಗೆ ಸರಿಸಿ. 10 ಗಂಟೆಗೇ ಬಿದ್ರೆ ತ್ರೀ ಫೇಸ್. 5 ಗಂಟೆಗೆ ಬಿದ್ರೆ ಡಿಸ್ಕ್‌ಗಳು ಒಟ್ಟಿಗೆ ಏಳೋದೇ ಕಾರಣ. ಆದ್ರೆ ಅದಕ್ಕೂ ಮೊದಲು ಪಿಸಿ ಆಫ್ ಮಾಡಿ, ವಾಲ್ ಸ್ವಿಚ್ ಆಫ್ ಮಾಡಿ, ಆ ಸ್ಪ್ಲಿಟರ್ ಬಿಚ್ಚಿ ಮೂಗಿನ ಹತ್ರ ಹಿಡಿದು ನೋಡಿ. ಹಳದಿ ವೈರ್ ಸೇರೋ ಜಾಗ ಬೆಳಕಲ್ಲಿ ನೋಡಿ. ಸುಟ್ಟ ವಾಸನೆ ಬಂದ್ರೆ ಪರೀಕ್ಷೆ ಗಿರೀಕ್ಷೆ ಏನೂ ಬೇಡ, ಅದನ್ನ ಮತ್ತೆ ಹಾಕಬೇಡಿ.

ಕೈವಾರದಹುಡ್ಗ · ಚಿಂತಾಮಣಿ

ಮಧ್ಯೆ ಬರ್ತಿರೋದಕ್ಕೆ ಕ್ಷಮಿಸಿ, ನಂದೂ ಡಿಸ್ಕ್ ಪವರ್ ವಿಷಯಾನೇ. ದೊಡ್ಡ ಎಕ್ಸ್‌ಟರ್ನಲ್ ಡ್ರೈವ್ ಆಫರ್‌ನಲ್ಲಿ ತಗೊಂಡು, ಕೇಸ್ ಬಿಚ್ಚಿ ಒಳಗಿನ ಡಿಸ್ಕ್ ಪಿಸಿಗೆ ಹಾಕಿದೆ. ತಿರುಗೋದೇ ಇಲ್ಲ. ಸದ್ದಿಲ್ಲ, ಬಿಸಿಯೂ ಇಲ್ಲ. ವಾಪಸ್ ಅದರ ಕೇಸ್‌ಗೆ ಹಾಕಿದ್ರೆ ಚೆನ್ನಾಗಿ ಓಡುತ್ತೆ. ಪಿಸಿನೇ ಡಿಸ್ಕನ್ನ ಒಪ್ತಿಲ್ವಾ?

ಸಿರಾಗೇಟ್ · ತುಮಕೂರು

ಅದು 3.3 ವೋಲ್ಟ್ ವಿಷಯ. ಸಾಟಾ ಪವರ್‌ನಲ್ಲಿ 15 ಪಿನ್, ಮೊದಲ ಮೂರು 3.3 ವೋಲ್ಟ್‌ಗೆ ಅಂತ ಇದ್ದಿದ್ದು. ಹೊಸ ಸ್ಟ್ಯಾಂಡರ್ಡ್‌ನಲ್ಲಿ ಮೂರನೇ ಪಿನ್ನಿಗೆ ಬೇರೆ ಕೆಲಸ ಕೊಟ್ರು: ಅದಕ್ಕೆ ವೋಲ್ಟೇಜ್ ಬಂದ್ರೆ ಡಿಸ್ಕ್ ಆಫ್ ಆಗಿರಬೇಕು. ಡೇಟಾ ಸೆಂಟರ್‌ನಲ್ಲಿ ದೂರದಿಂದಲೇ ಡಿಸ್ಕ್ ಆಫ್-ಆನ್ ಮಾಡೋಕೆ. ನಿಮ್ಮ ಹಳೇ ಎಸ್‌ಎಂಪಿಎಸ್ ಆ ಪಿನ್ನಿಗೆ ಯಾವಾಗಲೂ 3.3 ಕೊಡ್ತಾನೇ ಇರುತ್ತೆ, ಡಿಸ್ಕ್ ಅದನ್ನ "ಆಫ್ ಆಗಿರು" ಅಂತ ತಿಳ್ಕೊಳ್ಳುತ್ತೆ. ಡಿಸ್ಕ್ ಕೆಟ್ಟಿಲ್ಲ.

ಕ್ಯಾಪ್ಟಾನ್ ಟೇಪ್ ಸಿಗುತ್ತೆ, ಮೊಬೈಲ್ ರಿಪೇರಿ ಅಂಗಡಿಯವರ ಹತ್ರ ಇರೋ ಜೇನುಬಣ್ಣದ ಟೇಪ್. ಸಣ್ಣದಾಗಿ ಕತ್ತರಿಸಿ ಡಿಸ್ಕ್ ಕಡೆಯ ಮೊದಲ ಮೂರು ಪಿನ್ ಮುಚ್ಚಿ. ಮಾಮೂಲಿ ಸೆಲ್ಲೋ ಟೇಪ್ ಬೇಡ, ಬಿಸಿಗೆ ಅಂಟು ಕರಗಿ ಜಾರುತ್ತೆ. ಇಲ್ಲಾಂದ್ರೆ ಮೋಲೆಕ್ಸ್‌ನಿಂದ (ಹಳೇ ನಾಲ್ಕು ಪಿನ್ನಿನ ಪವರ್ ಪ್ಲಗ್) ಸಾಟಾ ಆಗೋ ಅಡಾಪ್ಟರ್ ಹಾಕಿ, ಮೋಲೆಕ್ಸ್‌ನಲ್ಲಿ 3.3 ವೋಲ್ಟ್ ವೈರೇ ಇರಲ್ಲ.

ಮಾವಿನತೋಪು · ಶ್ರೀನಿವಾಸಪುರ

ಮೋಲೆಕ್ಸ್ ಅಡಾಪ್ಟರ್ ಬೇಡ! ಬೆಂಕಿ ಹತ್ತಿಕೊಳ್ಳುತ್ತೆ ಅಂತ ಎಲ್ಲ ಕಡೆ ಹೇಳ್ತಾರೆ.

ಸಿರಾಗೇಟ್ · ತುಮಕೂರು

ಎಲ್ಲಾ ಅಲ್ಲ. ಹತ್ತಿಕೊಳ್ಳೋದು ಅಚ್ಚಲ್ಲಿ ಎರಕ ಹೊಯ್ದ ಸಾಟಾ ತುದಿ ಇರೋ ಅಗ್ಗದ್ದು. ವೈರ್‌ಗಳನ್ನ ಒಳಗಿಟ್ಟು ಮೇಲೆ ಬಿಸಿ ಪ್ಲಾಸ್ಟಿಕ್ ಹೊಯ್ಯೋವಾಗ ವೈರ್ ಸರಿದು 12 ವೋಲ್ಟೂ ಪಕ್ಕದ ಗ್ರೌಂಡ್ ವೈರೂ ಹತ್ರ ಬಂದಿರುತ್ತೆ, ನಿಧಾನಕ್ಕೆ ಸುಟ್ಟು ಶಾರ್ಟ್ ಆಗುತ್ತೆ. ಹಿಂದೆ ಕ್ಯಾಪ್ ಬಿಚ್ಚಿದ್ರೆ ಒಂದೊಂದು ವೈರೂ ಬೇರೆ ಬೇರೆ ಕಾಣೋ, ಕ್ರಿಂಪ್ ಅಥವಾ ಒತ್ತಿ ಕೂರಿಸಿದ ತರಹದ್ದು ಹಾಗಲ್ಲ. ಮೋಲೆಕ್ಸ್ ಪಿನ್ ಸಾಟಾ ಪಿನ್‌ಗಿಂತ ಬಹಳ ದಪ್ಪ, ಹೆಚ್ಚು ಆಂಪ್ ತಡೆಯುತ್ತೆ. ಅಪಾಯ ಇರೋದು ಸಾಟಾ ಕಡೆ ತುದಿಯಲ್ಲಿ.

ಮಾವಿನತೋಪು · ಶ್ರೀನಿವಾಸಪುರ

ಹಾಗಾದ್ರೆ ಸರಿ. ಜೊತೆಗೆ ಇದನ್ನೂ ಹೇಳಿಬಿಡ್ತೀನಿ: ಮಾಡ್ಯುಲರ್ ಎಸ್‌ಎಂಪಿಎಸ್ ಇರೋರು ಒಂದರ ಕೇಬಲ್ ತಂದು ಇನ್ನೊಂದಕ್ಕೆ ಹಾಕಬೇಡಿ. ಡಿಸ್ಕ್ ಕಡೆ ಪ್ಲಗ್ ಎಲ್ಲದಕ್ಕೂ ಒಂದೇ, ಎಸ್‌ಎಂಪಿಎಸ್ ಕಡೆ ಪಿನ್ ಜೋಡಣೆಗೆ ಯಾವ ಸ್ಟ್ಯಾಂಡರ್ಡೂ ಇಲ್ಲ. ಸರಿಯಾಗಿ ಕೂರುತ್ತೆ, ಆದ್ರೆ 5 ವೋಲ್ಟ್ ಜಾಗಕ್ಕೆ 12 ಹೋಗಿ ಇರೋ ಡಿಸ್ಕ್ ಎಲ್ಲಾ ಒಂದೇ ಕ್ಷಣದಲ್ಲಿ ಸುಟ್ಟುಹೋಗ್ತವೆ. ನಮ್ಮ ಪರಿಚಯದವರೊಬ್ಬರ ಸ್ಟುಡಿಯೋದಲ್ಲಿ ಮದುವೆ ವಿಡಿಯೋ ತುಂಬಿದ್ದ ಡಿಸ್ಕ್‌ಗಳು ಹೀಗೇ ಹೋದವು.

ಕೈವಾರದಹುಡ್ಗ · ಚಿಂತಾಮಣಿ

ಟೇಪ್ ಹಾಕಿದೆ, ತಿರುಗ್ತು!! ಸಿರಾಗೇಟ್ ಅಣ್ಣಂಗೆ ಜೈ.

ತೋಟದಮನೆ · ತಿಪಟೂರು

ಅಕ್ಕ, ನೀವು ಹೇಳಿದ ಹಾಗೇ ಬಿಚ್ಚಿ ನೋಡಿದೆ. ಸ್ಪ್ಲಿಟರ್ ತುದಿ ಕಪ್ಪು ಪ್ಲಾಸ್ಟಿಕ್, ಎರಕ ಹೊಯ್ದಿದ್ದೇ. ಎಸ್‌ಎಂಪಿಎಸ್ ಪ್ಲಗ್‌ಗೆ ಸೇರೋ ಕಡೆ, ಹಳದಿ ವೈರಿನ ಮೂಲೆಯಲ್ಲಿ ಪ್ಲಾಸ್ಟಿಕ್ ಉಬ್ಬಿ, ಒಂದು ಕಡೆ ಹೊಳಪು ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ಕೊನೆಯ ಎರಡು ಪಿನ್ ಮೇಲೆ ಮಸಿ. ಮೀನು ಕರಿದ ಹಾಗೆ ವಾಸನೆ. ನಮ್ಮಮ್ಮ ಆ ರೂಮಲ್ಲಿ ಏನೋ ವಾಸನೆ ಅಂತ ಆಗಾಗ ಹೇಳ್ತಾನೇ ಇದ್ರು, ರೂಟರ್ ಬಿಸಿ ಇರಬಹುದು ಅಂದ್ಕೊಂಡಿದ್ವಿ.

ಸರ್ವರ್ ಆಫ್ ಮಾಡಿಟ್ಟಿದೀನಿ. ಈಗ ಮೂರು ಡಿಸ್ಕ್‌ಗೆ ಪವರ್ ಹೇಗೆ ಕೊಡೋದು? ಎಸ್‌ಎಂಪಿಎಸ್‌ನಲ್ಲಿ ಮೋಲೆಕ್ಸೂ ಇಲ್ಲ.

ಊರಿಗಾಂ · ಕೆಜಿಎಫ್

ಅದೇ, ಲೂಸ್ ಕಾಂಟ್ಯಾಕ್ಟ್ ಬಿಸಿಯಾಗುತ್ತೆ, ಬಿಸಿಯಾದ್ರೆ ಪಿನ್ನಿನ ಹಿಡಿತ ಸಡಿಲ ಆಗುತ್ತೆ, ಸಡಿಲ ಆದ್ರೆ ಇನ್ನೂ ಬಿಸಿ. ಮನೆ ಮೀಟರ್ ಬೋರ್ಡ್‌ನಲ್ಲೂ ಇದೇ ಆಗೋದು. ತಾಯಿಯವರ ಮೂಗು ಮೀಟರ್‌ಗಿಂತ ಮೊದಲೇ ಹಿಡಿದಿತ್ತು ನೋಡಿ.

ಸಿರಾಗೇಟ್ · ತುಮಕೂರು

ಎರಡು ದಾರಿ. ಒಂದು, ಮಾಮೂಲಿ ಎಟಿಎಕ್ಸ್ ಎಸ್‌ಎಂಪಿಎಸ್ ತಗೊಂಡು, ನಿಮ್ಮ ಬೋರ್ಡಿನ ಕನೆಕ್ಟರ್‌ಗೆ ಹೊಂದೋ 24 ಪಿನ್ ಅಡಾಪ್ಟರ್ ಹಾಕೋದು. ಆಫೀಸ್ ಪಿಸಿಗಳಲ್ಲಿ ಬೋರ್ಡಿನ ಪವರ್ ಪಿನ್ನೇ ಬೇರೆ ಇರುತ್ತೆ, ಮಾಡೆಲ್ ನೋಡದೆ ತಗೋಬೇಡಿ. ಕ್ಯಾಬಿನೆಟ್‌ಗೆ ಅಳತೆ ಹಿಡಿಯುತ್ತಾ ಅದನ್ನೂ ನೋಡಿ.

ಅಂತರಗಂಗೆ · ಕೋಲಾರ

ಇನ್ನೊಂದು ದಾರಿ ನಾನು ಹೇಳ್ತೀನಿ, ಈಗಿನ ಎಸ್‌ಎಂಪಿಎಸ್ಸೇ ಇಟ್ಕೊಂಡು. ಲೋಡ್ ಹಂಚಿ. ಒಂದು ಪ್ಲಗ್‌ಗೆ ಎರಡು ಹಾರ್ಡ್ ಡಿಸ್ಕ್, ಇನ್ನೊಂದಕ್ಕೆ ಒಂದು ಹಾರ್ಡ್ ಡಿಸ್ಕ್ ಮತ್ತೆ ಎಸ್‌ಎಸ್‌ಡಿ. ಎಸ್‌ಎಸ್‌ಡಿ ಬಳಸೋದು 5 ವೋಲ್ಟ್, 12ರ ಮೇಲೆ ಅದರ ಭಾರ ಇಲ್ಲ. ಆಗ ಒಂದು ಪ್ಲಗ್ ಮೇಲೆ ಹೆಚ್ಚೆಂದ್ರೆ 4 ಆಂಪ್, 4.5ರ ಒಳಗೆ. ಎರಡು ಸ್ಪ್ಲಿಟರೂ ಕ್ರಿಂಪ್ ತರಹದ್ದೇ ಇರಲಿ. ಎಸ್‌ಎಂಪಿಎಸ್‌ನ ಆ ಸುಟ್ಟ ಕಡೆ ಪ್ಲಗ್‌ನ ಪಿನ್ ಕಪ್ಪಾಗಿದ್ರೆ ಅದನ್ನ ಬಳಸಬೇಡಿ, ಆಗ ಸಿರಾಗೇಟ್ ಅವರ ದಾರಿಯೇ ಸರಿ.

ಮತ್ತೆ ನಿದ್ದೆ ಸೆಟ್ಟಿಂಗ್ ತೆಗೀರಿ. ಸರ್ವರ್ ಡಿಸ್ಕ್ ಸುಮ್ಮನೆ ತಿರುಗ್ತಾ ಇರಲಿ. ಮಲಗಿ ಏಳೋದರಲ್ಲೇ ಅದಕ್ಕೆ ಹೆಚ್ಚು ಶ್ರಮ.

ಪೈಪ್ರಿಯ · ಗೌರಿಬಿದನೂರು

ಡಿಸ್ಕ್ ಯಾವಾಗಲೂ ತಿರುಗಿದ್ರೆ ಬಿಲ್ ಜಾಸ್ತಿ ಆಗಲ್ವಾ?

ಅಂತರಗಂಗೆ · ಕೋಲಾರ

ಒಂದು ಡಿಸ್ಕ್ ಖಾಲಿ ತಿರುಗೋಕೆ ಸುಮಾರು 5 ವ್ಯಾಟ್ ಅಂತ ಹಿಡೀರಿ. ಮೂರಕ್ಕೆ 15 ವ್ಯಾಟ್, ತಿಂಗಳಿಗೆ 10-11 ಯೂನಿಟ್. ಅಷ್ಟೇ.

ಗೂಡುಮಾರ್ಕೆಟ್ · ಶಿಡ್ಲಘಟ್ಟ

ಹತ್ತು ಯೂನಿಟ್ ಪರವಾಗಿಲ್ಲ. ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಅದೇ ಜಿಲ್ಲೆಯ ತೋಟಕ್ಕೆ ಹಗಲು ಹೊತ್ತು ತ್ರೀ ಫೇಸ್ ಕೊಡಿ ಅಂದ್ರೆ ಮಾತ್ರ ರಾತ್ರಿ ಕೊಡ್ತಾರೆ. ರೈತರು ಟಾರ್ಚ್ ಹಿಡ್ಕೊಂಡು ಹಾವು ಚೇಳಿನ ನಡುವೆ ನೀರು ಕಟ್ಟಬೇಕು. ನಂಗೆ ಬೇಜಾರಿರೋದು ಅದರ ಬಗ್ಗೆ.

ಊರಿಗಾಂ · ಕೆಜಿಎಫ್

ಕರೆಂಟ್ ಇತಿಹಾಸಾನೇ ಹಾಗೆ. ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ಲೈನ್ ಎಳೆದು 1902ರಲ್ಲಿ ನಮ್ಮ ಗಣಿಗೆ ಕರೆಂಟ್ ತಂದ್ರು. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ದಾರಿಯುದ್ದಕ್ಕೂ ಇದ್ದ ಹಳ್ಳಿಗಳು ತಲೆ ಮೇಲೆ ಹೋಗೋ ತಂತಿ ನೋಡ್ಕೊಂಡು ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಇದ್ವು.

ಸಿರಾಗೇಟ್ · ತುಮಕೂರು

ಇದು ಗೊತ್ತಿರಲಿಲ್ಲ ಸರ್. ಇದಕ್ಕೆ ಬೇರೆ ಥ್ರೆಡ್ ಶುರು ಮಾಡಿ, ಎಲ್ರೂ ಓದ್ತೀವಿ.

ತೋಟದಮನೆ · ತಿಪಟೂರು

ಪ್ಲಗ್ ಪಿನ್ ಚೆನ್ನಾಗಿತ್ತು, ಮಸಿ ಇದ್ದಿದ್ದು ಸ್ಪ್ಲಿಟರ್ ಕಡೆ ಮಾತ್ರ. ಬೆಂಗಳೂರಿಗೆ ಹೋಗೋರ ಕೈಲಿ ಎಸ್.ಪಿ. ರೋಡಿಂದ ಕ್ರಿಂಪ್ ಸ್ಪ್ಲಿಟರ್ ತರಿಸಿ, ಅಕ್ಕ ಹೇಳಿದ ಹಾಗೆ ಹಂಚಿದೆ. ನಿದ್ದೆ ಸೆಟ್ಟಿಂಗ್ ಇನ್ನೂ ತೆಗೆದಿಲ್ಲ, ಬೇಕು ಅಂತಾನೇ ಬಿಟ್ಟು ಬ್ಯಾಕಪ್ ಸಂಜೆ 5ಕ್ಕೆ ಇಟ್ಟೆ. ಮೂರೂ ಡಿಸ್ಕ್ ಎದ್ದವು, ಯಾವುದೂ ಬೀಳಲಿಲ್ಲ. ರಾತ್ರಿ ತ್ರೀ ಫೇಸ್ ಬಂದು ವೋಲ್ಟೇಜ್ 188ಕ್ಕೆ ಇಳಿದಾಗಲೂ ಬೀಳಲಿಲ್ಲ. 12ರ ನಂಬರ್ ಅಲ್ಲೇ ನಿಂತಿದೆ. ಈಗ ನಿದ್ದೆ ಸೆಟ್ಟಿಂಗೂ ತೆಗೆದೆ.

ಆದ್ರೆ ಎರಡನೇ ಡಿಸ್ಕಿನ 199 ಮಾತ್ರ 57ರಿಂದ 63ಕ್ಕೆ ಏರಿದೆ. ಲಾಗ್‌ನಲ್ಲಿ ಆ ಡಿಸ್ಕ್ ಲಿಂಕ್ 6 ಜಿಬಿಪಿಎಸ್‌ನಿಂದ 3ಕ್ಕೆ ಇಳಿಸಿದೀನಿ ಅಂತಾನೂ ಬಂದಿದೆ.

ಅಂತರಗಂಗೆ · ಕೋಲಾರ

ಅದು ಡೇಟಾ ಕೇಬಲ್. 199 ಅಂದ್ರೆ ದಾರಿಯಲ್ಲಿ ಡೇಟಾ ಕೆಟ್ಟು ಮತ್ತೆ ಕಳಿಸಬೇಕಾದ ಲೆಕ್ಕ. ಪ್ಲ್ಯಾಟರ್‌ಗೆ ಸಂಬಂಧ ಇಲ್ಲ. ಹಳೇ ಆಫೀಸ್ ಪಿಸಿ ಕೇಬಲ್‌ನಲ್ಲಿ ಲೋಹದ ಕ್ಲಿಪ್ ಇರಲ್ಲ, ಡಿಸ್ಕ್ ಅದುರಿ ಅದುರಿ ಸಡಿಲ ಆಗುತ್ತೆ. ಒಂದು ಮತ್ತು ಎರಡನೇ ಡಿಸ್ಕಿನ ಡೇಟಾ ಕೇಬಲ್ ಅದಲುಬದಲು ಮಾಡಿ, ಮದರ್‌ಬೋರ್ಡ್ ಪೋರ್ಟ್ ಬದಲಾಯಿಸಬೇಡಿ. ಈಗ ಒಂದನೇದರಲ್ಲಿ ಏರೋಕೆ ಶುರುವಾದ್ರೆ ಕೇಬಲ್. ಎರಡನೇದರಲ್ಲೇ ಏರಿದ್ರೆ ಪೋರ್ಟ್ ಅಥವಾ ಡಿಸ್ಕಿನ ಕನೆಕ್ಟರ್. ಆ 63 ಯಾವತ್ತೂ ಸೊನ್ನೆಗೆ ಬರಲ್ಲ, ಏರದೆ ನಿಂತ್ರೆ ಸಾಕು.

ಮಿರರ್‌ನಲ್ಲಿ ಡಿಸ್ಕನ್ನ ಸೀರಿಯಲ್ ನಂಬರ್ ಮೇಲೆ ಗುರುತು ಹಿಡೀರಿ, ಲಿನಕ್ಸ್ ಕೊಡೋ ಎಸ್‌ಡಿಎ ಎಸ್‌ಡಿಬಿ ಅನ್ನೋ ಹೆಸರು ಬೂಟ್‌ನಿಂದ ಬೂಟ್‌ಗೆ ಬದಲಾಗುತ್ತೆ. ಡಿಸ್ಕ್ ಮೇಲೆ ಸ್ಟಿಕ್ಕರ್ ಅಂಟಿಸಿ ಬರೆದಿಡಿ.

ಏಕಶಿಲೆ · ಮಧುಗಿರಿ

ಉದ್ದ ಕೇಬಲ್ ತಗೊಳ್ಳಬಹುದಾ? ನಂದು ಕ್ಯಾಬಿನೆಟ್ ದೊಡ್ಡದು.

ಸಿರಾಗೇಟ್ · ತುಮಕೂರು

ಸಾಟಾಗೆ 1 ಮೀಟರ್ ಮಿತಿ. ಅರ್ಧ ಮೀಟರಲ್ಲೇ ಎಲ್ಲಾ ಕ್ಯಾಬಿನೆಟ್ಟೂ ಆಗುತ್ತೆ. ಮೂಲೆಯಲ್ಲಿ ಚೂಪಾಗಿ ಮಡಚಬೇಡಿ.

ತೋಟದಮನೆ · ತಿಪಟೂರು

ಅದಲುಬದಲು ಮಾಡಿದೆ. ಒಂದನೇ ಡಿಸ್ಕ್‌ನಲ್ಲಿ 199 ಸೊನ್ನೆಯಿಂದ 4ಕ್ಕೆ ಬಂತು, ಎರಡನೇದು 63ರಲ್ಲೇ ನಿಂತಿದೆ. ಕೇಬಲ್ಲೇ. ಕ್ಲಿಪ್ ಇರೋ ಹೊಸ ಕೇಬಲ್ ಮೂರಕ್ಕೂ ಹಾಕಿದೆ. ಮಿರರ್ ಪೂರ್ತಿ ಪರೀಕ್ಷೆ ಓಡಿಸಿದೆ, ರಾತ್ರಿಯಿಡೀ ಓಡಿ ಒಂದೂ ತಪ್ಪಿಲ್ಲದೆ ಮುಗೀತು. 4 ಮತ್ತು 63 ಎರಡೂ ಏರಿಲ್ಲ.

ಮಾವಿನತೋಪು · ಶ್ರೀನಿವಾಸಪುರ

ತಾತನವರ ಮೂಡಲಪಾಯ ನಮಗೂ ಕೇಳಿಸ್ತೀರಾ? ಆ ಪೋರ್ಟಬಲ್ ಡಿಸ್ಕಿನ ಕಾಪಿ ಒಂದು ಬೇರೆ ಊರಿನ ನೆಂಟರ ಮನೇಲಿ ಇದ್ರೆ ಒಳ್ಳೇದು. ನಮ್ಮನೇಲಿ ಇಡೋಕೂ ನಾನು ರೆಡಿ.

ತೋಟದಮನೆ · ತಿಪಟೂರು

ಖಂಡಿತ ಅಣ್ಣ. ತುಮಕೂರಿನ ಅತ್ತೆ ಮನೇಲಿ ಒಂದು ಕಾಪಿ ಇಡೋಕೆ ಕೊಟ್ಟಾಯ್ತು. ಮೊದಲ ಪ್ರಸಂಗದ ಫೈಲ್ ಕತ್ತರಿಸಿ ಸದ್ದು ಸ್ವಲ್ಪ ಸ್ವಚ್ಛ ಮಾಡಿ ಈ ವಾರ ಹಾಕ್ತೀನಿ, ಟೇಪಿನ ಗುಂಯ್ ಶಬ್ದ ತೆಗೆಯೋದು ಗೊತ್ತಿರೋರು ಇದ್ರೆ ಹೇಳಿ.

ಗೂಡುಮಾರ್ಕೆಟ್ · ಶಿಡ್ಲಘಟ್ಟ

ಅದು 50 ಹರ್ಟ್ಸ್ ಕರೆಂಟಿನ ಸದ್ದು ಇರಬಹುದು. ಅಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರ್‌ನಲ್ಲಿ ನಾಚ್ ಫಿಲ್ಟರ್ (ಒಂದೇ ಸ್ವರದ ಸದ್ದು ಕತ್ತರಿಸೋದು) 50ಕ್ಕೆ ಒಂದು ಸಲ, 100ಕ್ಕೆ ಒಂದು ಸಲ ಹಾಕಿ. ಮೂಲ ಫೈಲ್ ಮುಟ್ಟಬೇಡಿ, ಕಾಪಿ ಮೇಲೆ ಮಾಡಿ. ಮದ್ದಳೆಯ ತಳದ ಸದ್ದೂ ಅದೇ ಸುಮಾರಿಗೆ ಇರುತ್ತೆ, ಫಿಲ್ಟರ್ ಅಗಲ ಕಮ್ಮಿ ಇಟ್ಟು ಕಿವಿ ಕೊಟ್ಟು ಕೇಳ್ತಾ ಮಾಡಿ.